ಪಟಾಲಮ್ಮ ಉದುರಿಸಿದ ಹುಳ

ಲವಂಗದೆಣ್ಣೆಯ ವಾಸನೆ — ಬರೀ ಲವಂಗವೂ ಅಲ್ಲ, ಅದರಡಿಗೆ ಇನ್ನೇನೋ ಘಾಟು, ಸ್ಪಿರಿಟ್ಟೋ ಫಿನಾಯಿಲೋ — ಹಸಿರು ಪರದೆ ಅಲುಗಿದಾಗಲೆಲ್ಲ ಬಂದು ಅಣ್ಣಮ್ಮನ ಗಂಟಲಲ್ಲಿ ಕೂರುತ್ತಿತ್ತು, ಪರದೆಯಾಚೆ ಯಾರದೋ ಹಲ್ಲು ಕೊರೆಯುವ ಯಂತ್ರ ಕೊಯ್ಯೆಂದು ಕೂಗಿ ನಿಲ್ಲುತ್ತದೆ, ಮತ್ತೆ ಕೂಗುತ್ತದೆ, ಕೆಳಗೆ ವಿಜಯನಗರದ ರಸ್ತೆಯಲ್ಲಿ ಬಿಟಿಎಸ್ ಬಸ್ಸು ಬ್ರೇಕು ಹಾಕಿದರೂ ಅದೇ ಕೂಗು, ಪಕ್ಕದ ಬೆಂಚಿನಲ್ಲಿ ಅಮ್ಮ, ಪಟಾಲಮ್ಮ, ಸೆರಗು ಮುದ್ದೆ ಮಾಡಿ ಎಡಗೆನ್ನೆಗೆ ಒತ್ತಿಕೊಂಡು ಕೂತಿದ್ದಾಳೆ, ಕಣ್ಣು ಮುಚ್ಚಿದ್ದಾಳೆ, ಉಸಿರಾಡ್ತಾ ಇದಾಳಾ — ಆಡ್ತಾ ಇದಾಳೆ, ನಿನ್ನೆ ಕಿವಿಯ ಕೆಳಗಿದ್ದ ಬಾವು ಇವತ್ತು ದವಡೆಯ ಮೂಳೆ ದಾಟಿದೆ, ಬೆಳಗ್ಗೆ ಗಂಜಿ ಕೊಟ್ಟರೆ ಅರ್ಧ ಕಟವಾಯಿಂದ ಹೊರಗೇ ಬಂತು, ನಾಳೆ ಬಾವು ಕತ್ತಿಗಿಳಿದರೆ, ಇಳಿಯಲ್ಲ, ಇಳಿದರೆ ಏನಾಗುತ್ತೆ ಅಂತ ಅಣ್ಣಮ್ಮನಿಗೆ ಗೊತ್ತು, ಕಣ್ಣಾರೆ ನೋಡಿದ್ದಾಳೆ, ಈಗ ಅದು ಬೇಡ, ಗೋಡೆ ನೋಡೋಣ, ಗೋಡೆಯ ಮೇಲೆ ಹಲ್ಲಿನ ಚಿತ್ರ, ನಡುವೆ ಸೀಳಿದ ಹಲ್ಲು, ಮೇಲೆ ಕರೀ ಚುಕ್ಕೆ, ಮುಂದಿನ ಚಿತ್ರದಲ್ಲಿ ಚುಕ್ಕೆ ಗುಳಿಯಾಗಿದೆ, ಅದರ ಮುಂದಿನದರಲ್ಲಿ ಗುಳಿ ಬೇರು ಮುಟ್ಟಿದೆ, ಯಾವ ಚಿತ್ರದಲ್ಲೂ ಹುಳವಿಲ್ಲ, ಅಮ್ಮ ಕಣ್ಣು ಬಿಟ್ಟರೆ ಇದನ್ನೇ ನೋಡ್ತಾಳೆ, ನೋಡಿ ಕೇಳ್ತಾಳೆ, ಹುಳ ಎಲ್ಲೇ ಅಣ್ಣಮ್ಮ, ಅಂತ.

ಹಲ್ಲಿನ ಹುಳ ತೆಗೆಯೋ ಪಟಾಲಮ್ಮ ಅಂದರೆ ಮಾಗಡಿ ರಸ್ತೆಯ ಉದ್ದಕ್ಕೂ ಹೆಸರು, ಸುಂಕದಕಟ್ಟೆ ಆಗ ಇನ್ನೂ ಹಳ್ಳಿ, ಮಂಗಳವಾರ ಬೆಳಗಾದರೆ ಜಗಲಿ ತುಂಬ ಕೆನ್ನೆಗೆ ಬಟ್ಟೆ ಕಟ್ಟಿಕೊಂಡ ಜನ, ಅಪ್ಪ ಸತ್ತ ಮೇಲೆ ಅಮ್ಮನಿಗಿದ್ದದ್ದು ಅದೊಂದೇ, ಅವಳ ಅತ್ತೆ ಕಲಿಸಿಕೊಟ್ಟ ವಿದ್ಯೆ, ಕಂಚಿನ ತಟ್ಟೆಯಲ್ಲಿ ನೀರು, ನೀರಿನ ನಡುವೆ ಕಲ್ಲು, ಕಲ್ಲಿನ ಮೇಲೆ ಕೆಂಪಗೆ ಕಾದ ಹೆಂಚಿನ ಚೂರು, ಅದರ ಮೇಲೆ ತುಪ್ಪದಲ್ಲಿ ಕಲಸಿದ ನೆಲಗುಳ್ಳದ ಬೀಜ, ಚಟಚಟನೆ ಸಿಡಿದು ಹೊಗೆ ಏಳುತ್ತಿದ್ದ ಹಾಗೇ ಅಮ್ಮ ತೂತು ಕೊರೆದ ತೆಂಗಿನ ಚಿಪ್ಪನ್ನು ಬೋರಲು ಹಾಕುತ್ತಿದ್ದಳು, ಬಾಯಿ ಕೊಡಪ್ಪ ಇಲ್ಲಿ, ಹೊಗೆ ಎಳ್ಕೋ, ಉಗುಳು ಇಳಿಯಕ್ಕೆ ಬಿಡು, ಅಣ್ಣಮ್ಮನ ಕೆಲಸ ತಲೆ ಹಿಡಿಯುವುದು, ಕೆಮ್ಮಿ ಕಣ್ಣೀರು ಸುರಿಸಿ ಒದ್ದಾಡುವ ತಲೆಗಳು, ಆಮೇಲೆ ಚಿಪ್ಪು ಎತ್ತಿದರೆ ನೀರಿನ ಮೇಲೆ ಬೆಳ್ಳಗೆ, ಅಕ್ಕಿನುಚ್ಚಿಗಿಂತ ಸಣ್ಣಗೆ, ಕೊಂಕಿ ಮಲಗಿದ ಹುಳ, ನೋಡು ನಿನ್ನ ಹಲ್ಲು ತಿಂತಿದ್ದೋರು ಇವರೇ, ಜನ ಕೈ ಮುಗಿಯುತ್ತಿದ್ದರು, ನೋವೂ ಕಮ್ಮಿಯಾಗುತ್ತಿತ್ತು, ಎರಡು ದಿನಕ್ಕೋ ಎಂಟು ದಿನಕ್ಕೋ, ಕಮ್ಮಿಯಾಗದವರು ಮತ್ತೆ ಬರುತ್ತಿದ್ದರು, ಇನ್ನೂ ಮರಿ ಉಳ್ಕೊಂಡವೆ ಅನ್ನುತ್ತಿದ್ದಳು ಅಮ್ಮ. ಒಂದು ದಿನ ಅಮ್ಮ ರಾಗಿ ಬೀಸಿಸಿಕೊಂಡು ಬರಲು ಹೋಗಿದ್ದಾಗ, ಅಣ್ಣಮ್ಮನಿಗೆ ಹನ್ನೆರಡೋ ಹದಿಮೂರೋ, ಸುಮ್ಮನೆ ಆಟಕ್ಕೆ, ಅಮ್ಮನ ಹಾಗೇ ಸೆರಗು ಸಿಕ್ಕಿಸಿಕೊಂಡು ಹೆಂಚು ಕಾಯಿಸಿ ಬೀಜ ಹಾಕಿ ಚಿಪ್ಪು ಮುಚ್ಚಿದಳು, ಯಾರೂ ಬಾಯಿ ಕೊಟ್ಟಿರಲಿಲ್ಲ, ಮನೆಯಲ್ಲಿ ಯಾರೂ ಇರಲೇ ಇಲ್ಲ, ಚಿಪ್ಪು ಎತ್ತಿದಳು — ನೀರಿನ ಮೇಲೆ ಒಂಬತ್ತು ಹುಳ. ಹೆದರಿ ಹಿತ್ತಲಿಗೆ ಚೆಲ್ಲಿದಳು, ಮತ್ತೆ ಮಾಡಿದಳು, ಮತ್ತೆ ಬಿದ್ದವು, ಒಂದನ್ನು ಉಗುರಿನಲ್ಲಿ ಹಿಚುಕಿದರೆ ಹಸೀ ಕಾಳಿನ ವಾಸನೆ, ಬೀಜದೊಳಗಿನ ಮೊಳಕೆ ಅದು, ಕಾವಿಗೆ ಸಿಡಿದು ಹೊರಬಿದ್ದದ್ದು, ಬಾಯಿಂದಲ್ಲ, ಹಲ್ಲಿಂದಲ್ಲ. ಅಮ್ಮನಿಗೆ ಹೇಳಲಿಲ್ಲ. ಹೇಗೆ ಹೇಳುವುದು, ಅಮ್ಮನಿಗೆ ಗೊತ್ತೇ ಇರಬೇಕು ಅಂದುಕೊಂಡಳು, ಗೊತ್ತಿದ್ದೂ ಮಾಡ್ತಾಳೆ, ದೊಡ್ಡವರ ವಿಷಯ, ನಮಗೆ ಯಾಕೆ.

ಆಮೇಲೆ ಚಂದ್ರಿ. ಬೇಡ ಅಂದರೂ ಬಂತು, ಬರುತ್ತೆ, ಯಂತ್ರ ಕೂಗಿದರೆ ಸಾಕು — ಅಂಗಡಿ ಮುನಿವೆಂಕಟಪ್ಪನ ಮಗಳು ಚಂದ್ರಿ, ಎಂಟು ವರ್ಷ, ಕೈಗೆ ಸಿಗುವ ಡಬ್ಬಿಯಲ್ಲೇ ಬೆಲ್ಲದ ಮಿಠಾಯಿ, ಕಂಬರಕಟ್ಟು, ಯಾವಾಗಲೂ ಒಂದು ಕೆನ್ನೆ ಉಬ್ಬಿಕೊಂಡೇ ಇರುತ್ತಿದ್ದ ಹುಡುಗಿ, ಅವತ್ತು ಉಬ್ಬಿದ್ದು ಮಾತ್ರ ಕಂಬರಕಟ್ಟಿನಿಂದಲ್ಲ, ಮುಟ್ಟಿದರೆ ಹೆಂಚಿನ ಹಾಗೆ ಸುಡುತ್ತಿತ್ತು, ಮುನಿವೆಂಕಟಪ್ಪ ಗಾಡಿ ಕಟ್ಟಿ ಬಾಗಿಲಲ್ಲೇ ನಿಲ್ಲಿಸಿದ್ದ, ಪಟಾಲಕ್ಕ, ಬೆಂಗಳೂರಿಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗ್ಬಿಡ್ಲಾ, ಅಮ್ಮ ಅಂದಳು, ಮೊದ್ಲು ಹೊಗೆ ಹಾಕಣ ಇರಪ್ಪ. ಅಣ್ಣಮ್ಮ ತಲೆ ಹಿಡಿದಳು, ಎರಡು ಕೈಯಲ್ಲಿ, ಕೂದಲಿಗೆ ಹರಳೆಣ್ಣೆ ಹಚ್ಚಿತ್ತು, ಜಾರುತ್ತಿತ್ತು, ಅಕ್ಕ ಬಿಡಕ್ಕ ಬಿಡಕ್ಕ ಅನ್ನುತ್ತಿತ್ತು ಮಗು, ಬಿಡಲಿಲ್ಲ, ಏಳು ಹುಳ ಬಿದ್ದವು, ಏಳು ಬಿದ್ವಲ್ಲ ಮುನಿವೆಂಕಟಪ್ಪ, ಇನ್ಯಾಕೆ ಆಸ್ಪತ್ರೆ, ಮನೇಲಿ ಮಲಗಿಸು. ಆಗ ಹೇಳಬಹುದಿತ್ತು, ಅವನು ಎತ್ತಿನ ಕೊರಳ ಹಗ್ಗ ಬಿಚ್ಚುತ್ತಿದ್ದ, ಮಾಮ, ಅವು ಬೀಜ, ಹುಳ ಅಲ್ಲ, ನೀವು ಹೋಗಿ — ಅಷ್ಟೇ ಮಾತು, ಬಾಯಿವರೆಗೂ ಬಂದಿತ್ತು, ಗಾಡಿಯ ಮೂಕಿ ನೆಲಕ್ಕೆ ತಾಗಿದ ಸದ್ದು ಕೇಳಿಸಿತು, ಸುಮ್ಮನಾದಳು. ನಾಲ್ಕನೇ ದಿನಕ್ಕೆ ಚಂದ್ರಿಯ ಕತ್ತು ಇರಲೇ ಇಲ್ಲ, ಗದ್ದದಿಂದ ಎದೆಯವರೆಗೂ ಒಂದೇ ಬಾವು, ನಾಲಿಗೆ ಮೇಲಕ್ಕೆ ಒತ್ತಿಕೊಂಡು, ಉಸಿರಿಗೆ ಗೊರ್ ಗೊರ್. ಐದನೇ ದಿನ ಆ ಸದ್ದೂ ಇಲ್ಲ. ಇಪ್ಪತ್ತೆರಡು ವರ್ಷವಾಯಿತು ಅದಕ್ಕೆ. ದೇವರು ಕರ್ಕೊಂಡ ಅಂದರು, ಮಾರಿ ಮುಟ್ಟಿದಳು ಅಂದರು, ಪಟಾಲಮ್ಮನ ಮೇಲೆ ಯಾರೂ ಬೆರಳು ತೋರಿಸಲಿಲ್ಲ, ಏಳು ಹುಳ ಎಲ್ಲರೂ ನೋಡಿದ್ದರಲ್ಲ.

ಪರದೆ ಸರಿಯಿತು, ಒಬ್ಬ ಮುದುಕ ಬಾಯಿ ಒತ್ತಿಕೊಂಡು ಹೊರಬಂದ, ಇನ್ನೊಬ್ಬರಾದ ಮೇಲೆ ನಾವು, ಬೇಗ ಬರಬಾರದಾ, ಬರಲೇಬಾರದಾ. ಅಣ್ಣಮ್ಮನ ಹೆದರಿಕೆ ಬರೀ ಹಳೆಯ ಚಂದ್ರಿಯಿಂದಲ್ಲ, ಮೊನ್ನೆ ಸಂಜೆಯದರಿಂದ, ಅಮ್ಮನ ಹಲ್ಲುನೋವಿಗೆ ಅವತ್ತು ಮೂರನೇ ದಿನ, ಗೋವಿಂದರಾಜನಗರದ ಬಾಡಿಗೆ ಮನೆಯ ಅಡುಗೆ ಕೋಣೆಯಲ್ಲಿ ಅಮ್ಮ ಸೀಮೆಎಣ್ಣೆ ಸ್ಟೌವ್ ಮೇಲೆ ಹೆಂಚಿನ ಚೂರು ಕಾಯಿಸುತ್ತಿದ್ದಳು, ತನ್ನ ಹಲ್ಲಿಗೆ ತಾನೇ, ತಾನೇ ಚಿಪ್ಪಿಗೆ ಬಾಯಿ ಕೊಟ್ಟು ಕೆಮ್ಮಿ ಕೆಮ್ಮಿ, ಆಮೇಲೆ ನೀರು ನೋಡಿ ಮಗುವಿನ ಹಾಗೆ ನಕ್ಕಳು, ಬಿದ್ವು ನೋಡೇ, ಐದು, ಇನ್ನು ವಾಸಿಯಾಗ್ತದೆ. ಆ ನಗು ನೋಡಿದಾಗಲೇ ಅಣ್ಣಮ್ಮನಿಗೆ ಹೊಳೆದದ್ದು — ಮೋಸ ಮಾಡುವವಳು ತನಗೇ ಹೊಗೆ ಹಾಕಿಕೊಳ್ಳುತ್ತಾಳಾ, ಒಂಟಿಯಾಗಿ, ಯಾರೂ ನೋಡದ ಅಡುಗೆ ಕೋಣೆಯಲ್ಲಿ — ಹಾಗಾದರೆ ಅಮ್ಮನಿಗೆ ಗೊತ್ತೇ ಇಲ್ಲ, ಯಾವತ್ತೂ ಗೊತ್ತಿರಲಿಲ್ಲ, ಹಾಗಾದರೆ ಆ ಜಗಲಿಯಲ್ಲಿ ಗೊತ್ತಿದ್ದವಳು ತಾನೊಬ್ಬಳೇ. ಗಂಡ ವೆಂಕಟಸ್ವಾಮಿ ಮಿಲ್ಲಿಂದ ಬಂದವನು ಡಾಕ್ಟ್ರಿಗೆ ತೋರಿಸೋಣ ಅತ್ತೆ ಅಂದ, ಹುಳ ಬಿದ್ದೈತೆ ಬೇಡ ಅಂದಳು ಅಮ್ಮ, ಅಣ್ಣಮ್ಮ ಸುಮ್ಮನೆ ಅನ್ನ ಬಡಿಸಿದಳು, ಮೊನ್ನೆ ಸುಮ್ಮನೆ, ನಿನ್ನೆ ಸುಮ್ಮನೆ, ಇವತ್ತು ಬೆಳಗ್ಗೆ ಗಂಜಿ ಹೊರಗೆ ಬಂದಾಗ ಮಾತ್ರ ಎತ್ತಿ ಆಟೋಗೆ ಹಾಕಿಕೊಂಡು ಬಂದಳು, ಎರಡು ದಿನ, ಮತ್ತೆ ಅದೇ ಬಾಯಿ, ಅದೇ ಸುಮ್ಮನಿರುವಿಕೆ.

ಪಟಾಲಮ್ಮ ಯಾರು ಬನ್ನಿ, ಪರದೆಯೊಳಗಿಂದ ಕರೆದರು. ಡಾಕ್ಟರು ಪದ್ಮನಾಭ, ಚಿಕ್ಕ ವಯಸ್ಸು, ಕನ್ನಡಕ, ಅಮ್ಮನ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ, ಅವನು ಟಾರ್ಚು ಹಿಡಿದು ನೋಡಿದ, ನಾಲಿಗೆಯಡಿ ಒತ್ತಿದ, ಕತ್ತು ಒತ್ತಿದ, ಮುಖ ಗಂಟಿಕ್ಕಿತು, ಎಷ್ಟು ದಿನ ಆಯ್ತು, ಐದು ಅಂದಳು ಅಣ್ಣಮ್ಮ, ಐದು ದಿನ ಏನ್ ಮಾಡ್ತಿದ್ರಿ ಅಂದ ಅವನು. ಕೀವು ಇನ್ನೂ ಕತ್ತಿಗಿಳಿದಿಲ್ಲ, ನಾಳೆ ಬಂದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ, ನೇರ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ. ಸೂಜಿ ಚುಚ್ಚಿದ, ಒಸಡು ಕುಯ್ದ, ಹಳದಿ ಕೀವು, ಆ ನಾತ, ಚಂದ್ರಿಯ ಹಾಸಿಗೆಯ ಹತ್ತಿರದ ನಾತ, ಅಣ್ಣಮ್ಮ ಕುರ್ಚಿಯ ಕಬ್ಬಿಣ ಹಿಡಿದುಕೊಂಡಳು, ಹಲ್ಲು ಕೀಳಲು ಇನ್ನೊಂದು ಸೂಜಿ ಚುಚ್ಚಿ ಮರಗಟ್ಟಲಿ ಅಂತ ಅವನು ಕಾಯುತ್ತಿರುವಾಗ ಅಮ್ಮ ತೊದಲಿದಳು, ಹುಳ ಐತೆ ಸ್ವಾಮಿ ಅದ್ರಲ್ಲಿ, ದೊಡ್ಡದು, ನನ್ನ ಕೈಗೂ ಬಂದಿಲ್ಲ. ಅವನು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿರುತ್ತಿತ್ತು, ಸಮಾಧಾನ ಮಾಡಲು ಹೇಳತೊಡಗಿದ, ನೀವೊಬ್ರೇ ಅಲ್ಲಮ್ಮ, ಸಾವಿರಾರು ವರ್ಷ ಇಡೀ ಪ್ರಪಂಚ ಹುಳ ಅಂತಲೇ ನಂಬಿತ್ತು, ನಮ್ಮ ಆಯುರ್ವೇದದೋರೂ ಕೃಮಿದಂತ ಅಂದ್ರು, ಬೇರೆ ದೇಶದಲ್ಲೂ ಬೀಜದ ಹೊಗೆ ಹಾಕೋರು, ಆಮೇಲೆ ಕೆಲವರು ಇಲ್ಲ, ಮೈಯಲ್ಲಿರೋ ಕೆಟ್ಟ ನೀರು ಹಲ್ಲಿಗೆ ಇಳಿಯುತ್ತೆ ಅಂದ್ರು, ಇನ್ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನ ಒಬ್ಬ ಡಾಕ್ಟ್ರು ಭೂತಗನ್ನಡಿ ಇಟ್ಟು ಹುಡುಕಿದ, ಹುಳ ಸಿಗ್ಲಿಲ್ಲ, ಆಮೇಲೆ ಹುಳಿ ಪದಾರ್ಥ ಸುಣ್ಣ ಕರಗಿಸೋ ಹಾಗೆ ಹಲ್ಲು ಕರಗುತ್ತೆ ಅಂದ್ರು, ಆ ಹುಳಿ ಎಲ್ಲಿಂದ ಬಂತು ಅಂತ ಗೊತ್ತಾಗಿ ಇನ್ನೂ ನೂರು ವರ್ಷ ಆಗ್ತಾ ಬಂತಷ್ಟೆ, ಬಾಯಲ್ಲಿ ಕಣ್ಣಿಗೆ ಕಾಣದ ಕ್ರಿಮಿ ಇರ್ತವೆ, ನಾವು ತಿಂದ ಸಕ್ಕರೆ ತಿಂದು ಅವು ಹುಳಿ ಬಿಡ್ತವೆ, ಟೀಗೆ ಸಕ್ಕರೆ ಎಷ್ಟು ಹಾಕ್ಕೋತೀರಿ? ಅಮ್ಮ ಮೂರು ಬೆರಳು ತೋರಿಸಿದಳು, ದಿನಕ್ಕೆ ಎಷ್ಟು ಟೀ ಅಂತ ಕೇಳಿದರೆ ಕೈ ಪೂರಾ ಬಿಚ್ಚಿದಳು, ಹಳ್ಳಿಯಲ್ಲಿದ್ದಾಗ ಬೆಲ್ಲ ಹಬ್ಬಕ್ಕೆ ಮಾತ್ರ ಕಂಡವಳು. ಕಾಣದ ಕ್ರಿಮಿ ಅಂದ್ರೆ ಹೊಗೆಗೆ ಬೀಳ್ತವಾ, ಅಂದಳು ಅಮ್ಮ. ಬೀಳಲ್ಲಮ್ಮ. ಹಂಗಾದ್ರೆ ಬಿದ್ದಿದ್ದು, ಅಂದಳು, ಉತ್ತರ ಬರುವ ಮುಂಚೆ ಅವನು ಇಕ್ಕಳ ಹಾಕಿದ್ದ.

ಮೂಳೆ ಮುರಿದಂಥ ಸದ್ದು, ಅಣ್ಣಮ್ಮ ಅಮ್ಮನ ತಲೆ ಹಿಡಿದಿದ್ದಳು, ಯಾವಾಗ ಹಿಡಿದಳೋ, ಯಾರೂ ಹೇಳದೇ ಎರಡೂ ಕೈ ಹೋಗಿ ಹಿಡಿದಿದ್ದವು, ಟಿಣ್ಣನೆ ಹಲ್ಲು ಬಟ್ಟಲಿಗೆ ಬಿತ್ತು. ಹುಳ ತೋರ್ಸಿ, ಅಂದಳು ಅಮ್ಮ ಹತ್ತಿ ಕಚ್ಚಿಕೊಂಡೇ. ಪದ್ಮನಾಭ ಹಲ್ಲು ತೊಳೆದು, ಮೊನೆಯ ಕಡ್ಡಿಯಲ್ಲಿ ಗುಳಿ ಕೆದಕಿ, ನೋಡಿ ಕೊಳೆತಿರೋ ಪುಡಿ, ಇನ್ನೇನೂ ಇಲ್ಲ, ಮೇಲಿಂದ ಪಕ್ಕಕ್ಕೆ ಪೂರಾ ತೂತು, ಅಂದು ಹಲ್ಲನ್ನು ಅಮ್ಮನ ಅಂಗೈಯಲ್ಲೇ ಇಟ್ಟ. ಬಾವು ಇಳಿಯುತ್ತೆ, ಐದು ದಿನ ಇಂಜೆಕ್ಷನ್ನು, ನಾಳೆ ಬನ್ನಿ, ಜೀವಕ್ಕೇನೂ ಇಲ್ಲ ಇನ್ನು. ಜೀವಕ್ಕೇನೂ ಇಲ್ಲ — ಅಣ್ಣಮ್ಮನಿಗೆ ಅಳು ಬರಬೇಕಿತ್ತು, ಹೆದರಿಕೆ ಇಳಿಯಬೇಕಿತ್ತು, ಇಳಿಯಲಿಲ್ಲ, ಅಮ್ಮನ ಕೈ ಮುಷ್ಟಿಯಾಗಿತ್ತು. ಮೆಟ್ಟಿಲಿನ ತಿರುವಿನಲ್ಲಿ, ಗವಾಕ್ಷಿಯಿಂದ ಬಿಸಿಲು ಬೀಳುವ ಕಡೆ ಅಮ್ಮ ನಿಂತಳು, ಕೂರ್ತೀಯಾಮ್ಮ ಅಂದರೆ ಕೂರಲಿಲ್ಲ. ಚಂದ್ರಿಗೆ ಏಳು ಬಿದ್ವಲ್ಲೇ, ಅಂದಳು, ಮಾತು ಹತ್ತಿಯಲ್ಲಿ ಒದ್ದೆಯಾಗಿತ್ತು, ಅವು ಎಲ್ಲಿಂದ ಬಂದ್ವು. ಗೊತ್ತಿಲ್ಲ ಅನ್ನಬಹುದು, ಅಮ್ಮನಿಗೆ ಜ್ವರ, ಡಾಕ್ಟರು ಮಾತಾಡಿಸಬೇಡಿ ಅಂದಿದಾರೆ, ಗೊತ್ತಿಲ್ಲ ಅಂದರೆ ಮುಗಿಯಿತು, ಕೆಳಗೆ ಆಟೋದವನು ಹಾರ್ನು ಹೊಡೆಯುತ್ತಿದ್ದಾನೆ — ಬೀಜದಿಂದ ಕಣಮ್ಮ, ಅಂತ ತನ್ನ ದನಿಯೇ ಕೇಳಿಸಿತು, ಬೀಜದ ಮೊಳಕೆ ಅವು, ಸಿಡಿದು ಬೀಳ್ತವೆ. ಯಾರು ಹೇಳಿದ್ರು ನಿಂಗೆ. ಯಾರೂ ಇಲ್ಲ, ನಾನೇ ಮಾಡಿ ನೋಡಿದ್ದೆ, ಬಾಯಿ ಇಲ್ದೇನೂ ಬಿದ್ವು. ಯಾವಾಗ. ಅಮ್ಮ ಮನೇಗ್ ಹೋಗಣ. ಯಾವಾಗ್ಲೇ. ಚಂದ್ರಿ ಬರೋಕ್ ಮುಂಚೆ. ಹೊಡೆಯಲಿಲ್ಲ ಅಮ್ಮ, ಬಯ್ಯಲಿಲ್ಲ, ಅಳಲೂ ಇಲ್ಲ, ಮುಷ್ಟಿ ಬಿಚ್ಚಿದಳು, ಎರಡು ಬೆರಳಲ್ಲಿ ಹಲ್ಲು ಹಿಡಿದು ಬಿಸಿಲಿಗೆ ಎತ್ತಿದಳು, ಒಂದು ಕಣ್ಣು ಮುಚ್ಚಿ ತೂತಿನೊಳಗೆ ನೋಡಿದಳು, ಇಳಿಸಿದಳು, ಸೆರಗಿನಲ್ಲಿ ಒರೆಸಿದಳು, ಮತ್ತೆ ಎತ್ತಿ ನೋಡಿದಳು, ಆ ತುದಿಯಿಂದ ಈ ತುದಿಗೆ ಬೆಳಕು, ನಡುವೆ ಏನೂ ಇಲ್ಲ, ಅಮ್ಮ ಸಾಕು, ಮತ್ತೆ ಎತ್ತಿದಳು, ಈ ಸಲ ಹಲ್ಲು ಅಣ್ಣಮ್ಮನ ಕಡೆಗೆ ತಿರುಗಿತ್ತು, ತೂತು, ತೂತಿನ ಆಚೆ ರೆಪ್ಪೆ ಬಡಿಯದ ಅಮ್ಮನ ಕಣ್ಣು —