ತೊಳೆಯದೆ ಹೂತವರು

ನೀರಿನ ಕೊಡವನ್ನು ಗಂಡನ ಹೆಣವಿದ್ದ ಕೋಣೆಯೊಳಗೆ ಎಳೆದಿಟ್ಟು ಜೊಹ್ರಾ ಬಾಗಿಲಿಗೆ ಅಡ್ಡ ನಿಂತಳು.

"ನೀರು ಹಾಕ್ಬೇಡಿ ಅತ್ತಿಗೆ," ಎಂದ ಮಿಲಾದ್. ಅವನ ಹಿಂದೆ ಅಂಗಳದ ತುಂಬ ಯುದ್ಧದ ದಳದ ಹಳೆಯ ಸಂಗಾತಿಗಳು ಬಾವುಟ ಹಿಡಿದು ನಿಂತಿದ್ದರು. "ಯೂನಿಸ್ ಹುತಾತ್ಮ. ಹುತಾತ್ಮರಿಗೆ ಸ್ನಾನ ಮಾಡ್ಸಲ್ಲ. ಹೆಂಗಿದ್ದಾನೋ ಹಂಗೇ ಮಣ್ಣು ಮಾಡ್ಬೇಕು."

"ನಿನ್ನ ಹುತಾತ್ಮ ನಿನ್ನೆ ಚಹಾಕ್ಕೆ ಸಕ್ಕರೆ ಸಾಲ್ದು ಅಂತ ನನ್ನ ಬೈದು ಮಗ್ಗುಲಾದ. ಆಮೇಲೆ ಏಳ್ಲಿಲ್ಲ."

"ಎದೇಲಿದ್ದ ಗುಂಡಿನ ಚೂರೇ ಅಲ್ವಾ ಕೊಂದಿದ್ದು? ಸಾಯೋಕೆ ಹತ್ತು ವರ್ಷ ತಗೊಂಡ, ಅಷ್ಟೇ. ಚೌಕದ ಗೋಡೆ ಮೇಲೆ ಹೆಸರು ಕೆತ್ತಿಸ್ತೀವಿ."

"ಹೆಸರು ಗೋಡೆಗೆ ತಗೊಂಡ್ಹೋಗು. ಮೈ ನಂಗೆ ಬಿಡು."

ಬೆಟ್ಟದ ಮೇಲಿನ ನಾಲೂತ್ ಊರಿನಲ್ಲಿ ಯೂನಿಸ್ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಲಿಬಿಯಾ ಎರಡಾಗಿ ಹೊಡೆದಾಡತೊಡಗಿದಾಗ, ಯಾರೂ ಕರೆಯದಿದ್ದರೂ, ಅದೇ ಬಸ್ಸಿಗೆ ಗೆಳೆಯರನ್ನು ತುಂಬಿಕೊಂಡು ದಕ್ಷಿಣದ ಮರುಭೂಮಿಗೆ ಹೊರಟುಬಿಟ್ಟಿದ್ದ.

*

ಯುದ್ಧದಿಂದ ತಿರುಗಿ ಬಂದ ದಿನ ಯೂನಿಸ್ ನೇರ ನಲ್ಲಿಯ ಕೆಳಗೆ ಹೋಗಿ ಕೂತ. ಜೊಹ್ರಾ ಬೆನ್ನುಜ್ಜಿದಳು.

"ಮಿಲಾದ್‌ನ ತಮ್ಮ ಇದ್ರೀಸ್‌ನ ಅಲ್ಲೇ ಮಣ್ಣು ಮಾಡಿದ್ವಿ," ಎಂದ. "ಕುಡಿಯೋಕೇ ನೀರಿರ್ಲಿಲ್ಲ. ಅಂಗಿ ತೋಳಲ್ಲಿ ಅವನ ಮುಖ ಒರೆಸ್ದೆ, ಧೂಳು ಇನ್ನೂ ಮೆತ್ತಿಕೊಳ್ತು. ಹುತಾತ್ಮ, ತೊಳೀಬಾರ್ದು ಬಿಡೋ ಅಂದ ಮಿಲಾದ್. ತೊಳೀಬಾರ್ದು ಅಂತಲ್ಲ ಜೊಹ್ರಾ. ನೀರಿರ್ಲಿಲ್ಲ."

ನಲ್ಲಿಯನ್ನು ಇನ್ನಷ್ಟು ತಿರುಗಿಸಿ, "ನನ್ನ ಮಾತ್ರ ಚೆನ್ನಾಗಿ ತೊಳೆದು ಕಳ್ಸು," ಎಂದ.

*

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆ ಮಾತನ್ನು ಜೊಹ್ರಾ ಬಾಗಿಲಲ್ಲೇ ನಿಂತು ಮೆಲ್ಲಗೆ, ಮಿಲಾದನಿಗೊಬ್ಬನಿಗೇ ಕೇಳುವಂತೆ ಹೇಳಿದಳು.

"ಹಾಗಾದ್ರೆ ನನ್ನ ತಮ್ಮನ್ನ ನಾನು..."

"ಇಲ್ಲದ ನೀರು ಎಲ್ಲಿಂದ ತರ್ತಿದ್ದೆಯಪ್ಪ? ಇವತ್ತು ಇದೆ. ಯೂನಿಸ್‌ನ ಮಗ್ಗುಲು ಹೊರಳಿಸೋಕೆ ನನ್ನೊಬ್ಬಳ ಕೈಲಾಗಲ್ಲ. ಬಾ ಒಳಗೆ."

"ಮಿಲಾದ್, ಏನಂತೆ?" ಎಂದು ಅಂಗಳದಿಂದ ಯಾರೋ ಕೂಗಿದರು. ಮಿಲಾದ್ ಬೂಟು ಕಳಚಿ, ಅಂಗಿಯ ತೋಳು ಮಡಚಿ ಒಳಗೆ ಬಂದ.

ಬಲ ಮಗ್ಗುಲಿಂದ ಶುರು ಮಾಡಿದರು. ಅವಳು ಉಜ್ಜಿದಳು, ಅವನು ಚೆಂಬಿನಿಂದ ಹೊಯ್ದ. ಕತ್ತು, ಕಿವಿಯ ಹಿಂದೆ, ಗಡ್ಡ. ಕೊನೆಗೆ ಮುಖ. ಅಲ್ಲಿ ಮಾತ್ರ ಮಿಲಾದ್ ತಾನೇ ಕೈಯಾಡಿಸಿದ, ಹಣೆಯಿಂದ ಗಲ್ಲದವರೆಗೆ, ಮತ್ತೆ ಮತ್ತೆ.

"ಸಾಕು ಮಿಲಾದ್. ಆಯ್ತು."

ಚೆಂಬಿನಲ್ಲಿ ಹನಿ ನೀರಿರಲಿಲ್ಲ. ಅವನು ಅದನ್ನು ಆ ಮುಖದ ಮೇಲೆ ಬಗ್ಗಿಸಿ ಹಿಡಿದೇ ಇದ್ದ.