ಐದನೆಯವನು

ಆಟಗಾರರ ಅರ್ಜಿಯ ಹದಿನಾಲ್ಕನೆಯ ಕಾಲಂ ‘ಮೂಲ’. ಅದರ ಮುಂದೆ ಎರಡು ಚೌಕಗಳು: ಸ್ಥಳೀಯ, ಹೊರಮೂಲ. ಒಂದರಲ್ಲಿ ಗುರುತು ಹಾಕಬೇಕು. ಪದವಿ ಮುಗಿಸಿ ಈ ಫುಟ್‌ಬಾಲ್ ಕ್ಲಬ್ಬಿನ ಕಚೇರಿಗೆ ಸೇರಿದ ಮೊದಲ ವಾರ, ಇದನ್ನು ಯಾವ ದಾಖಲೆ ನೋಡಿ ತುಂಬಬೇಕೆಂದು ನಮ್ಮ ಗುಮಾಸ್ತರನ್ನು ಕೇಳಿದ್ದೆ.

ಅವರು ಕನ್ನಡಕವನ್ನು ಹಣೆಗೇರಿಸಿ ನಕ್ಕರು. “ಫೋಟೋ ಅಂಟಿಸಿದೆಯಲ್ಲಮ್ಮ. ದೇವರು ಕಣ್ಣು ಕೊಟ್ಟಿರೋದು ಯಾಕೆ?”

ಇಪ್ಪತ್ತೆರಡು ವರ್ಷಗಳಿಂದ ಅವರು ಹಾಗೆಯೇ ತುಂಬುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಯಾವ ಆಟಗಾರನ ಮನೆಯಲ್ಲಿ ಮಗು ಹುಟ್ಟಿದರೂ ಮೊದಲು ಆಸ್ಪತ್ರೆಗೆ ಹೋಗುವವರು ಅವರೇ. ಆ ಕಾಲಂ ಇಷ್ಟು ವರ್ಷ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ. ಈ ವರ್ಷ ಲೀಗಿನವರು ಹೊಸ ನಿಯಮ ತಂದರು: ದೇಶದ ತಂಡಕ್ಕೆ ದೇಶದ ಹುಡುಗರು ತಯಾರಾಗಬೇಕು, ಆದ್ದರಿಂದ ಒಂದು ಕ್ಲಬ್ಬಿನ ಪಟ್ಟಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಹೊರಮೂಲದವರು ಇರಕೂಡದು.

ಇಪ್ಪತ್ತೈದು ಅರ್ಜಿಗಳಲ್ಲಿ ಇಪ್ಪತ್ತನಾಲ್ಕನ್ನು ನಾನೇ ತುಂಬಿದೆ, ಪ್ರತಿಯೊಬ್ಬರನ್ನೂ ಕೇಳಿ. ಸಂಕೋಚದಿಂದ ತೀರ ಮೆಲ್ಲಗೆ ಕೇಳುತ್ತಿದ್ದೆ. ಎರಡು ಸಲ ಕೇಳಬೇಕಾಗುತ್ತಿತ್ತು. ಉಳಿದ ಒಂದು ಅರ್ಜಿ ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ಸಂಬಂಧಿಕಳೆಂದು ಯಾರಾದರೂ ಆಡಿಕೊಂಡಾರೆಂಬ ಹೆದರಿಕೆಯಿಂದ ಅದನ್ನು ಮಾತ್ರ ಗುಮಾಸ್ತರ ಮೇಜಿಗೆ ಸರಿಸಿಬಿಟ್ಟೆ. ಅವರು ಫೋಟೋ ನೋಡಿದರು, ಗುರುತು ಹಾಕಿದರು.

ಭಾವ ಹನ್ನೊಂದು ವರ್ಷಗಳಿಂದ ಈ ಕ್ಲಬ್ಬಿನ ಹಿಂದಿನ ಸಾಲಿನ ರಕ್ಷಣಾ ಆಟಗಾರ. ಅವರನ್ನು ದಾಟಿ ಚೆಂಡು ಹೋಗುವುದು ಕಷ್ಟವೆಂದು ಜನ ‘ಗೋಡೆ’ ಎಂದು ಕರೆಯುತ್ತಾರೆ. ಗೆದ್ದ ದಿನ ‘ನಮ್ಮ ಗೋಡೆ’. ಸೋತ ದಿನ, ಅವರ ಕಪ್ಪು ಮೈಬಣ್ಣ, ಗುಂಗುರು ಕೂದಲು ನೋಡಿ, ಗ್ಯಾಲರಿಯಿಂದ ‘ಹಡಗು ಹತ್ತೋ!’ ಎಂಬ ಕೂಗು. ಅವರ ಮುತ್ತಜ್ಜನನ್ನು ಬಂದರಿನ ಕೂಲಿಗೆ ಹಡಗಿನಲ್ಲಿ ಕರೆತಂದಿದ್ದರು. ಭಾವ ಹುಟ್ಟಿದ್ದು ಈ ಕ್ರೀಡಾಂಗಣದ ಹಿಂದಿನ ಬೀದಿಯ ಆಸ್ಪತ್ರೆಯಲ್ಲಿ. “ಈಜೋಕೇ ಬರಲ್ಲ ನಂಗೆ, ಹಡಗಂತೆ ಹಡಗು,” ಎಂದು ಅವರು ಊಟದ ಹೊತ್ತಿನಲ್ಲಿ ನಗುತ್ತಿದ್ದರು. ಈಚೆಗೆ ಅದನ್ನು ಹೇಳುವುದನ್ನು ಬಿಟ್ಟಿದ್ದಾರೆ.

ಪಟ್ಟಿ ಕಳಿಸುವ ಹಿಂದಿನ ದಿನ ಮ್ಯಾನೇಜರ್ ನಮ್ಮ ಕೋಣೆಗೆ ಬಂದರು. ಗ್ಯಾಲರಿಯ ಮೆಟ್ಟಿಲುಗಳ ಕೆಳಗಿರುವ ಕೋಣೆ ಅದು. ಪಕ್ಕದಲ್ಲಿ ಜೆರ್ಸಿ ಒಗೆಯುವ ಯಂತ್ರ ಸದಾ ಗುಡುಗುಡು ಎನ್ನುತ್ತಿರುತ್ತದೆ. ಅದರ ಸದ್ದಿನ ಮೇಲೆ ಅವರು ಕೂಗಿದರು: “ಹೊರಮೂಲ ಐದು ಜನ ತೋರಿಸ್ತಿದೆ! ಒಬ್ಬ ಹೋಗ್ಬೇಕು. ಯಾರು ಆ ಐದನೆಯವನು?”

ಗುಮಾಸ್ತರು ಅರ್ಜಿಗಳನ್ನು ತಿರುವಿ ಹಾಕಿ ಮೆಲ್ಲಗೆ, “ನಮ್ಮ ಗೋಡೆ,” ಎಂದರು.

ಮ್ಯಾನೇಜರ್ ತಲೆ ಚಚ್ಚಿಕೊಂಡರು. ಒಮ್ಮೆ ಹಾಕಿದ ಗುರುತನ್ನು ತಿದ್ದುವುದಕ್ಕೆ ಲೀಗಿನ ನಿಯಮದಲ್ಲಿ ಎರಡೇ ದಾರಿ ಇತ್ತು. ಒಂದು, ಅಜ್ಜ ಇಲ್ಲಿಯೇ ಹುಟ್ಟಿದವರೆಂದು ತೋರಿಸುವ ಜನನಪತ್ರ. ಭಾವನ ಅಜ್ಜ ಹುಟ್ಟಿದ ಕಾಲದಲ್ಲಿ ಬಂದರಿನ ಓಣಿಯ ಮಕ್ಕಳ ಹುಟ್ಟನ್ನು ಯಾರೂ ಬರೆದಿಡುತ್ತಿರಲಿಲ್ಲ. ಇನ್ನೊಂದು, ಅಜ್ಜನಿಂದ ಹಿಡಿದು ಮೂರು ತಲೆಮಾರು ಇಲ್ಲಿಯೇ ಹುಟ್ಟಿದ ಸ್ಥಳೀಯರೊಬ್ಬರ ಸಾಕ್ಷಿಪತ್ರ. ಹೆಂಡತಿಯ ಸಹಿ ನಡೆಯುವುದಿಲ್ಲ. ಮರುದಿನ ನಾಲ್ಕು ಗಂಟೆಯೊಳಗೆ ಕೊಡಬೇಕು. ಇಲ್ಲವಾದರೆ ಈ ಸೀಸನ್ನು ಭಾವ ಆಡುವಂತಿಲ್ಲ.

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದರು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

“ನಿನ್ನ ಸಂಕೋಚಕ್ಕಿಷ್ಟು ಬೆಂಕಿ ಹಾಕ!” ಅಕ್ಕ ಮಡಿಚುತ್ತಿದ್ದ ಟವೆಲನ್ನು ಮಂಚದ ಮೇಲೆ ಒಗೆದಳು. “ಒಂದು ಗೀಟು ಎಳೆಯೋಕೆ ಏನಾಗಿತ್ತೇ ನಿಂಗೆ?”

“ಬೈಬೇಡ ಕಣೇ ಅವಳನ್ನ,” ಎಂದರು ಭಾವ. “ಅವಳು ಎಳೆದಿದ್ರೆ ಈ ವರ್ಷಕ್ಕೆ ತಪ್ತಿತ್ತು. ಅಷ್ಟೇ.”

“ಮೂಲೆಮನೆ ಮೇಷ್ಟ್ರನ್ನ ಕೇಳಿ. ಇಲ್ಲ ಅನ್ನಲ್ಲ ಅವರು,” ಎಂದಳು ಅಕ್ಕ.

“ಅನ್ನಲ್ಲ, ಗೊತ್ತು. ಹದಿನೈದು ವರ್ಷ ಒಟ್ಟಿಗೆ ಬಸ್ಸಿಗೆ ಕಾದಿದೀವಿ. ಆದ್ರೆ ‘ನಾನು ಇಲ್ಲಿಯವನು ಅಂತ ಬರೆದುಕೊಡಿ’ ಅಂತ ಕೇಳಿದ ಮೇಲೆ, ಹೂಂ ಅನ್ನೋಕೆ ಮುಂಚೆ, ಒಂದು ಗಳಿಗೆ ನನ್ನ ಮುಖ ನೋಡ್ತಾರಲ್ಲ? ಆ ಗಳಿಗೆ ನಂಗೆ ಬೇಡ.”

ಬಕೆಟ್ಟಿನ ನೀರು ತಣ್ಣಗಾಗಿರಬೇಕು. ಭಾವ ಕಾಲು ತೆಗೆಯಲಿಲ್ಲ.

“ನಾನು ಹಾಕ್ತೀನಿ ಸಹಿ,” ಎಂದೆ.

ಅಕ್ಕ ನನ್ನನ್ನೇ ದಿಟ್ಟಿಸಿದಳು. “ಮೂರು ತಲೆಮಾರು ಅಂದ್ಯಲ್ಲೇ. ನಮ್ಮಜ್ಜ?”

ಆಗ ನೆನಪಾಯಿತು. ಮರೆತಿದ್ದೆ ಎಂದರೆ ಸುಳ್ಳಾದೀತು. ನೆನಪಿಸಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ. ಅಪ್ಪನ ಅಪ್ಪ ಒಂಬತ್ತನೆಯ ವಯಸ್ಸಿನಲ್ಲಿ ಗಡಿಯಾಚೆಯಿಂದ ರೈಲಿನಲ್ಲಿ ಬಂದವರು. ಸಾಯುವವರೆಗೂ ನಿದ್ದೆಯಲ್ಲಿ ಅಲ್ಲಿನ ಭಾಷೆಯಲ್ಲೇ ಕನವರಿಸುತ್ತಿದ್ದರು. ನನ್ನ ಮುಖ ನೋಡಿ ಇಷ್ಟು ವರ್ಷದಲ್ಲಿ ಯಾರೂ ‘ಎಲ್ಲಿಯವಳು’ ಎಂದು ಕೇಳಿಲ್ಲ.

ಭಾವ ಜೋರಾಗಿ ನಕ್ಕರು. ಎಷ್ಟೋ ದಿನಗಳ ಮೇಲೆ ಆ ನಗು ಕೇಳಿದೆ. “ಅಲ್ವೇ, ನಿಮ್ಮಜ್ಜ ರೈಲು ಇಳಿಯೋ ಹೊತ್ತಿಗೆ ನಮ್ಮೋರು ಇಲ್ಲಿಗೆ ಬಂದು ಮೂವತ್ತು ವರ್ಷ ಆಗಿತ್ತು! ಈಗ ನೀನು ನಂಗೆ ಸಾಕ್ಷಿ!” ನಗು ನಿಂತ ಮೇಲೆ ಅವರು ತಲೆಯನ್ನು ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಿದರು. ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಮರುದಿನ ಸಾಕ್ಷಿಪತ್ರವನ್ನು ನಾನೇ ಟೈಪು ಮಾಡಿದೆ. ಭಾವನ ಬಗ್ಗೆ ಬರೆದ ನಾಲ್ಕು ಸಾಲುಗಳಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೆಳಗೆ ‘ಸಾಕ್ಷಿದಾರರ ಮೂಲ’ ಎಂಬ ಸಾಲು. ಅದನ್ನು ಕ್ಲಬ್ಬಿನವರು ತುಂಬಬೇಕು. ಗುಮಾಸ್ತರು ಹಾಳೆ ಎಳೆದುಕೊಂಡು, ನನ್ನತ್ತ ನೋಡದೆಯೇ, ‘ಸ್ಥಳೀಯ’ಕ್ಕೆ ಗುರುತು ಹಾಕಿದರು.

“ಸರ್,” ಎಂದೆ. ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. “ಸರ್, ನಮ್ಮಜ್ಜ ಇಲ್ಲಿ ಹುಟ್ಟಿದವರಲ್ಲ.”

ಈಗ ನೋಡಿದರು. ಹಣೆ, ಮೂಗು, ಕೂದಲು. ಭಾವ ಬೇಡವೆಂದಿದ್ದ ಗಳಿಗೆ ಇದೇ ಇರಬೇಕು ಎನಿಸಿತು. ಆದರೆ ನನ್ನ ವಿಷಯದಲ್ಲಿ ಅದು ಬಹಳ ಹೊತ್ತು ಉಳಿಯಲಿಲ್ಲ.

“ತಮಾಷೆ ಮಾಡ್ಬೇಡಮ್ಮ.”

“ನಿಜ ಸರ್.”

ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತರು. ಆಮೇಲೆ ದನಿ ತಗ್ಗಿಸಿ, “ಅದನ್ನ ಯಾರಾದ್ರೂ ಕೇಳಿದ್ರಾ? ಹೇಳಿದ್ರೆ ನಿಮ್ಮ ಭಾವ ಹೊರಗೆ, ಸುಮ್ನಿದ್ರೆ ಒಳಗೆ. ಬೇರೆ ಯಾರನ್ನಾದ್ರೂ ಹುಡುಕೋಣ ಅಂದ್ರೆ ಗಂಟೆ ಮೂರೂಕಾಲು,” ಎಂದರು.

ಅಷ್ಟರಲ್ಲಿ ಭಾವ ಒಳಗೆ ಬಂದರು. ಅಭ್ಯಾಸ ನಡುವೆಯೇ ಬಿಟ್ಟು ಬಂದಿದ್ದರು. ಕಾಲುಚೀಲಕ್ಕೆ ಹುಲ್ಲು ಮೆತ್ತಿತ್ತು. ಹಾಳೆಯನ್ನು ಎತ್ತಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು.

“ಸಹಿ ಹಾಕಿಲ್ಲ?”

“ಇದರಲ್ಲಿ ಸುಳ್ಳಿದೆ ಭಾವ.”

“ನನ್ನ ಬಗ್ಗೆಯಾ?”

“ಅಲ್ಲ. ನನ್ನ ಬಗ್ಗೆ.”

ಗುಮಾಸ್ತರು ಎದ್ದು ಹೋಗಿ ಕಪಾಟಿನಲ್ಲಿ ಇಲ್ಲದ ಏನನ್ನೋ ಹುಡುಕತೊಡಗಿದರು. ಭಾವ ಅವರ ಕುರ್ಚಿಯಲ್ಲೇ ಕೂತರು. ಮಂಡಿಯನ್ನು ಎರಡೂ ಕೈಯಿಂದ ಒತ್ತಿಕೊಂಡರು.

“ನೋಡು ಮರಿ,” ಎಂದರು. “ನಂಗೀಗ ಮೂವತ್ತೊಂದು. ಈ ಮಂಡಿ ಹೆಚ್ಚಂದ್ರೆ ಇನ್ನೆರಡು ವರ್ಷ ಮಾತು ಕೇಳತ್ತೆ. ರಾತ್ರಿಯೆಲ್ಲ ಯೋಚನೆ ಮಾಡ್ದೆ. ನಿನ್ನ ಸಹಿ ಬೇಡ ಅಂತ ಹೇಳಿ, ಪೇಪರಿನವರನ್ನ ಕರೆದು, ಲೀಗಿನವರ ಮೇಲೆ ಕೇಸು ಹಾಕಿ, ಇದನ್ನೆಲ್ಲ ಕಿತ್ತುಹಾಕ್ಬೇಕು. ಯಾರಾದ್ರೂ ಮಾಡ್ಲೇಬೇಕಾದ್ದು. ಆದ್ರೆ ಆಟ ಆಡ್ಲಾ, ಜಗಳ ಆಡ್ಲಾ? ಎರಡಕ್ಕೂ ಆಗೋಷ್ಟು ಕಾಲಿಲ್ಲ ನಂಗೆ.” ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು. “ನಾನು ಆಡ್ಬೇಕು. ಹಾಕು.”

ಹಾಕಿದೆ. ಗುಮಾಸ್ತರು ಬಂದು ಮುದ್ರೆ ಒತ್ತಿದರು. ಭಾವನ ಅರ್ಜಿಯಲ್ಲಿ ಹಳೆಯ ಗುರುತಿನ ಮೇಲೆ ಬಿಳಿ ಶಾಯಿ ಬಳಿದು, ಊದಿ ಆರಿಸಿ, ಪಕ್ಕದ ಚೌಕದಲ್ಲಿ ಹೊಸ ಗುರುತು ಹಾಕಿದರು.

“ತಪ್ಪು ತಿಳೀಬೇಡ ಕಣಪ್ಪ,” ಎಂದರು ತಲೆ ಎತ್ತದೆ. “ಕೈ ಅಭ್ಯಾಸ.”

“ಇರ್ಲಿ ಬಿಡಿ ಸಾರ್.” ಭಾವ ಎದ್ದು ಬಾಗಿಲವರೆಗೆ ಹೋಗಿ ನಿಂತರು. “ಇದು ಎಷ್ಟು ದಿನ ನಡೆಯತ್ತೆ?”

“ಈ ಸೀಸನ್ನಿಗೆ. ಮುಂದಿನ ವರ್ಷ ಹೊಸದು ಬೇಕು, ಹೊಸ ತಾರೀಕಿನದು.”

ಭಾವ ತಲೆಯಾಡಿಸಿದರು, ಮ್ಯಾಚಿನ ಸಮಯ ಬದಲಾಗಿದೆ ಎಂದು ತಿಳಿಸಿದರೆ ಆಡಿಸುವಂತೆ. ನನ್ನ ಕಡೆ ತಿರುಗಿ, “ಮುಂದಿನ ವರ್ಷ ಇದೇ ಕೆಲಸದಲ್ಲಿರ್ತೀಯಾ?” ಎಂದು ಕೇಳಿದರು.

ಬೇರೆ ಎರಡು ಕಡೆ ಅರ್ಜಿ ಹಾಕಿದ್ದೆ. ಒಂದು ಕಡೆಯಿಂದ ಕರೆಯೂ ಬಂದಿತ್ತು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ.

“ಇರ್ತೀನಿ ಭಾವ,” ಎಂದೆ.