ಎತ್ತಿಕೊಳ್ಳುವವಳು

ಆತಗೂರಿನಲ್ಲಿ ಯಾರ ಮನೆಯ ಮದುವೆಯಾದರೂ ಸೋಬಾನೆ ಪದಕ್ಕೆ ಕರೆ ಹೋಗುತ್ತಿದ್ದದ್ದು ಅಂಕಮ್ಮನಿಗೆ. ಮಲ್ಲಿಗಮ್ಮನನ್ನು ಯಾರೂ ಬೇರೆಯಾಗಿ ಕರೆಯುತ್ತಿರಲಿಲ್ಲ. ಕರೆಯುವ ಅಗತ್ಯವೂ ಇರಲಿಲ್ಲ ಅನ್ನಿ, ಅಂಕಮ್ಮ ಬಂದಳೆಂದರೆ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳೂ ಹಿಂದೆಯೇ ಬರುತ್ತಿದ್ದಳು. ಪದ ಹೇಳುವವಳು ಅಂಕಮ್ಮ, ಎತ್ತಿಕೊಳ್ಳುವವಳು ಮಲ್ಲಿಗಮ್ಮ. ಅಂಕಮ್ಮನ ಸಾಲು ಇನ್ನೂ ಪೂರ್ತಿ ಮುಗಿದಿರುವುದಿಲ್ಲ, ಅಷ್ಟರಲ್ಲೇ ಇವಳು ಅದರ ತುದಿ ಹಿಡಿದು ಮೇಲಕ್ಕೆತ್ತುವಳು. ಆ ಹೊತ್ತಿನಲ್ಲಿ ಅಂಕಮ್ಮ ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳುವಳು. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಹೊಗಳಿಕೆ ಬಂದರೆ ಅದು ಅಂಕಮ್ಮನ ಮಡಿಲಿಗೇ ಬೀಳುತ್ತಿತ್ತು. ಮಲ್ಲಿಗಮ್ಮನಿಗೆ ಅದರಿಂದ ಬೇಜಾರಿತ್ತೋ ಇಲ್ಲವೋ, ಕೇಳಿದವರು ಯಾರು?

ಅಂಕಮ್ಮನ ಮೊಮ್ಮಗಳು ದೀಪಿಕ ಮದ್ದೂರಿನ ಕಾಲೇಜಿನಲ್ಲಿ ಓದುತ್ತಿದ್ದಳು. ಮಂಡ್ಯದಲ್ಲಿ ಕಾಲೇಜು ಮಕ್ಕಳ ನೃತ್ಯ ಸ್ಪರ್ಧೆ ಎಂದು ಗೊತ್ತಾದದ್ದೇ ತಡ, ಅಜ್ಜಿಯ ಪದಕ್ಕೇ ಕುಣಿಯುತ್ತೇವೆಂದು ಹಟ ಹಿಡಿದಳು. ಹೆಣ್ಣೊಪ್ಪಿಸುವಾಗ ಹೇಳುವ ಪದ ಅದು. ತವರು ಬಿಟ್ಟು ಹೊರಟವಳು ಕೊಟ್ಟಿಗೆಯ ಕರುವಿಗೆ, ಒರಳುಕಲ್ಲಿಗೆ, ಹಿತ್ತಲ ಹೀರೇಬಳ್ಳಿಗೆ ಎಲ್ಲಕ್ಕೂ ಹೇಳಿ ಹೋಗುತ್ತಾಳೆ. ಕುಣಿತ ಕಲಿಸುವ ಮೇಷ್ಟ್ರು ಸ್ವರೂಪನಿಗೂ ಹಿಡಿಸಿತು. ಆದರೆ ವೇದಿಕೆಯಲ್ಲಿ ಹಾಡುವ ಹಾಗಿಲ್ಲ, ಹಾಡು ಐದು ನಿಮಿಷ ಮೀರದಂತೆ ಸೀಡಿಯಲ್ಲೇ ಬರಬೇಕು ಎಂದು ಸ್ಪರ್ಧೆಯವರ ಕಟ್ಟಳೆ. ಪೆನ್‌ಡ್ರೈವ್ ತಂದರೆ ವೈರಸ್ ಬರುತ್ತದಂತೆ. ಊರಲ್ಲಿ ಯಾರ ಮನೆಯಲ್ಲೂ ಸೀಡಿ ಹಾಕುವ ಪೆಟ್ಟಿಗೆ ಉಳಿದಿಲ್ಲ, ಈ ಪುಣ್ಯಾತ್ಮರಿಗೆ ಮಾತ್ರ ಅದೇ ಆಗಬೇಕು. ಅಂತೂ ಮಂಡ್ಯದ ಸ್ಟುಡಿಯೋ ಒಂದರಲ್ಲಿ ಸೀಡಿ ಮಾಡಿಸುವುದೆಂದು ಗೊತ್ತಾಯಿತು.

ಮಲ್ಲಿಗಮ್ಮ ಪೆಟ್ಟಿಗೆಯಿಂದ ಕುಂಕುಮಬಣ್ಣದ ರೇಷ್ಮೆ ಸೀರೆ ತೆಗೆದು ಉಟ್ಟುಕೊಂಡು ಬಸ್ ಹತ್ತಿದಳು.

"ಮದ್ವೆಗೆ ಓಯ್ತಿದ್ದೀಯೇನೇ?" ಎಂದು ಅಂಕಮ್ಮ ನಕ್ಕಳು.

"ನಗು ನಗು. ನಾವು ಸತ್ತೋದ್ರೂ ದನಿ ಅದ್ರೊಳ್ಗೆ ಇರ್ತದಂತೆ ಕಣಕ್ಕ, ದೀಪು ಯೋಳ್ತು. ನನ್ ದನೀನೂ ಇರ್ತದೆ," ಎಂದಳು ಮಲ್ಲಿಗಮ್ಮ. ಮದ್ದೂರು ದಾಟುವವರೆಗೂ ಅವಳ ಬಾಯಲ್ಲಿ ಅದೇ ಮಾತು.

ಸ್ಟುಡಿಯೋ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ನಡುವೆ ಗಾಜಿನ ಗೋಡೆಯ ಪುಟ್ಟ ಕೋಣೆ, ಒಳಗೊಂದು ಮೈಕು. ಸ್ಟುಡಿಯೋದ ಶಿವರಾಜು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಹಾಡಿಸಿದ. ಕೇಳಿಸಿಕೊಂಡು ತಲೆ ಕೆರೆದುಕೊಂಡ.

"ಒಬ್ರು ಮುಗ್ಸೋಕೆ ಮುಂಚೆ ಇನ್ನೊಬ್ರು ನುಗ್ತಾವ್ರೆ ಸಾರ್. ಎರಡು ದನಿ ಒಂದ್ರ ಮ್ಯಾಲೊಂದು ಕುಂತ್ಬುಡ್ತದೆ, ಐದು ನಿಮಿಷಕ್ಕೆ ಇಳ್ಸೋಕೆ ಎಲ್ಲಿ ಕಟ್ ಮಾಡ್ಲಿ? ಆ ಅಜ್ಜೀದು ಗೊಗ್ಗರು ದನಿ ಬೇರೆ. ಈ ಅಜ್ಜೀನೇ ಎರಡೂ ಹಾಡ್ಲಿ, ನಾನು ಜೋಡ್ಸ್ಕೋತೀನಿ," ಎಂದು ಸ್ವರೂಪನಿಗೆ ಹೇಳಿದ.

ಸ್ವರೂಪ ಮಲ್ಲಿಗಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಸ್ವಲ್ಪ ಇಲ್ಲೇ ಇರಿ ಅಜ್ಜಿ," ಎಂದ. ಒಳಗೆ ಬಂದು ಅಂಕಮ್ಮನಿಗೆ ವಿಷಯ ತಿಳಿಸಿದ.

"ಅದೆಂಗಾದದು? ಯೋಳೋಳು ಒಬ್ಳು, ಎತ್ಕೊಳ್ಳೋಳು ಒಬ್ಳು," ಎಂದಳು ಅಂಕಮ್ಮ.

ದೀಪಿಕ ಕೈ ಹಿಡಿದುಕೊಂಡಳು. "ಇದೊಂದ್ಸಲ ಅಜ್ಜಿ, ನನಗೋಸ್ಕರ."

ಶಿವರಾಜು ಅಂಕಮ್ಮನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಅವಳೇ ಹಾಡಿದ ಸಾಲನ್ನು ಕೇಳಿಸಿದ. ಅಂಕಮ್ಮ ತನ್ನ ದನಿಯನ್ನು ಹೀಗೆ ಒಂಟಿಯಾಗಿ ಎಂದೂ ಕೇಳಿರಲಿಲ್ಲ. ಅಯ್ಯೋ, ಎಷ್ಟು ಚೆನ್ನಾಗಿತ್ತು! ಇದು ನನ್ನದೇ ಅಂತ ಎದೆ ಉಬ್ಬಿತು. ಬಲವಂತ ಮಾಡಿದರು, ಏನು ಮಾಡಲಿ ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಶುದ್ಧ ಸುಳ್ಳು. ಅವಳಿಗೆ ಆ ದನಿ ಇನ್ನಷ್ಟು ಬೇಕಿತ್ತು, ಅದಕ್ಕೇ ಹಾಡಿದಳು.

"ಹಿತ್ತಲ ಹೀರೆಯ ಬಳ್ಳೀಗೂ ಹೇಳವ್ವ" ಎಂದು ಹಾಡಿದಳು. ಆಮೇಲೆ ಕಿವಿಯಲ್ಲಿ ಅದನ್ನೇ ಕೇಳುತ್ತ, "ಹೋಗಿ ಬತ್ತೀನಂತ ಹೇಳವ್ವ" ಎಂದು ತಾನೇ ಎತ್ತಿಕೊಂಡಳು. ಗಾಜಿನಾಚೆ ಬೆಂಚಿನ ಮೇಲೆ ಕೂತ ಮಲ್ಲಿಗಮ್ಮ ಅಂಕಮ್ಮನ ತುಟಿಯನ್ನೇ ನೋಡುತ್ತಿದ್ದಳು. ತುಟಿ ನಿಲ್ಲುವ ಮುಂಚೆಯೇ ಸೆರಗು ಹೊದ್ದು ನೆಟ್ಟಗೆ ಕೂತು, ಕಣ್ಣು ಮುಚ್ಚಿ, ತಾನೂ ಎತ್ತಿಕೊಳ್ಳುತ್ತಿದ್ದಳು. ಅವಳ ಮುಂದೆ ಮೈಕೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು: "ಅಕ್ಕ, ನಾನು ಈಚೆ ಕುಂತು ಯೋಳಿದ್ದೂ ಬಿದ್ದದಾ ಅದ್ರೊಳ್ಗೆ?"

ಅಂಕಮ್ಮ ಕಿಟಕಿಯ ಕಡೆ ತಿರುಗಿಕೊಂಡಳು. ಇಲ್ಲ ಅನ್ನಬಹುದಿತ್ತು. ಅಂದಿದ್ದರೆ ಇವಳು ಎರಡು ದಿನ ಮುಖ ಊದಿಸಿಕೊಂಡು ಮೂರನೆಯ ದಿನ ಸರಿಹೋಗುತ್ತಿದ್ದಳು. "ಬಿದ್ದದೆ ಕಣೇ. ಮಿಸೀನು ಎಲ್ಲಾನೂ ಇಡ್ಕೊತದೆ," ಎಂದುಬಿಟ್ಟಳು.

ಮಲ್ಲಿಗಮ್ಮ ಸುಮ್ಮನಿರುವ ಹೆಂಗಸೇ? ಸೊಸೆಗೆ ಹೇಳಿದಳು, ಹಾಲಿನ ಡೇರಿಯಲ್ಲಿ ಸಾಲಾಗಿ ನಿಂತವರಿಗೆಲ್ಲ ಹೇಳಿದಳು, ನಿಡಘಟ್ಟದಲ್ಲಿದ್ದ ಮಗಳಿಗೆ ಫೋನು ಮಾಡಿಸಿ ಹೇಳಿದಳು. ಸ್ಪರ್ಧೆಯ ದಿನ ಸೊಸೆಯನ್ನೂ ಮಗಳನ್ನೂ ಕರೆದುಕೊಂಡು ಅದೇ ರೇಷ್ಮೆ ಸೀರೆಯಲ್ಲಿ ಬಂದು ಅಂಕಮ್ಮನ ಪಕ್ಕದಲ್ಲೇ ಕೂತಳು.

ದೀಪಿಕಳ ತಂಡ ಬಂತು. ಸೀಡಿ ತಿರುಗಿತು. ಅಂಕಮ್ಮನ ದನಿ ಸಭಾಂಗಣದ ತುಂಬ ತುಂಬಿಕೊಂಡಿತು. ಮಲ್ಲಿಗಮ್ಮ ಮಗಳ ಮೊಣಕೈ ತಿವಿದು, "ಈಗ ನಂದು, ಈಗ ನಂದು," ಎಂದಳು. ಬಂದದ್ದು ಅಂಕಮ್ಮನದೇ. ಮುಂದಿನ ಸಾಲಿಗೂ ಅಂಕಮ್ಮನದೇ. ಆಮೇಲೆ ಮಲ್ಲಿಗಮ್ಮ ಯಾರನ್ನೂ ತಿವಿಯಲಿಲ್ಲ. ಮಗಳೂ ಸೊಸೆಯೂ ಮುಖ ಮುಖ ನೋಡಿಕೊಂಡರು. ಮೊದಲ ಬಹುಮಾನ ಬಂತು, ಜನಪದ ಕೋಗಿಲೆ ಎಂದು ಅಂಕಮ್ಮನನ್ನು ಮೇಲೆ ಕರೆದು ಶಾಲು ಹೊದಿಸಿದರು. ಇಳಿದು ಬಂದಾಗ ಪಕ್ಕದ ಕುರ್ಚಿ ಖಾಲಿಯಿತ್ತು.

ಜಗಳವಾಗಿದ್ದರೆ ಚೆನ್ನಾಗಿತ್ತು. ಆಗಲಿಲ್ಲ. ಮಲ್ಲಿಗಮ್ಮ ಮೊದಲಿನಂತೆ ಮಾತಾಡಿಸಿದಳು, ಮಜ್ಜಿಗೆ ಕೇಳಿದರೆ ಕೊಟ್ಟಳು. ಆ ವರ್ಷ ಊರಲ್ಲಿ ಮದುವೆ ಬಂದಾಗಲೆಲ್ಲ ಮಾತ್ರ ಅವಳಿಗೆ ಮಂಡಿ ನೋವು ಬರುತ್ತಿತ್ತು. ಅಂಕಮ್ಮನೂ ಏನೇನೋ ನೆಪ ಹೇಳಿ ಹೋಗುವುದು ಬಿಟ್ಟಳು. ಆದರೆ ಮಾರನೆಯ ವರ್ಷ ದೀಪಿಕಳದೇ ಮದುವೆ ಗೊತ್ತಾಯಿತು, ಮಳವಳ್ಳಿ ಕಡೆಯ ಪೂರಿಗಾಲಿಗೆ. ಅದಕ್ಕೆ ಯಾವ ನೆಪ? ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಕೂಸು. ಅದನ್ನು ಪದ ಹೇಳಿಯೇ ಕಳಿಸಬೇಕು ಎಂಬುದೊಂದೇ ಅಂಕಮ್ಮನಿಗೆ ಉಳಿದಿದ್ದ ಆಸೆ. ಸ್ವತಃ ಮಲ್ಲಿಗಮ್ಮನ ಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆದಳು. "ಬತ್ತೀನಿ ಬುಡು, ದೀಪು ನಂಗೂ ಮೊಮ್ಮಗಳೇಯ," ಎಂದಳು ಮಲ್ಲಿಗಮ್ಮ. ಅಂಕಮ್ಮನಿಗೆ ಜೀವ ಬಂದಂತಾಯಿತು.

ಬಂದಳು. ಹೆಣ್ಣೊಪ್ಪಿಸುವ ಹೊತ್ತಿಗೆ ಚಪ್ಪರದಡಿ ಅಂಕಮ್ಮನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ದೀಪಿಕಳ ಅಮ್ಮ ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ಅಂಕಮ್ಮ ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಹೇಳಿದಳು. ತುದಿಗೆ ಬರುತ್ತ ಎಂದಿನಂತೆ ದನಿ ತಗ್ಗಿಸಿ ಬಿಟ್ಟುಕೊಟ್ಟಳು. ಯಾರೂ ಎತ್ತಿಕೊಳ್ಳಲಿಲ್ಲ. ಮಲ್ಲಿಗಮ್ಮ ವೀಳ್ಯದೆಲೆಯ ನಾರು ಬಿಡಿಸುತ್ತಿದ್ದಳು.

ಅಂಕಮ್ಮ ತಾನೇ ಎತ್ತಿಕೊಂಡಳು. ಮುಂದಿನ ಸಾಲಿಗೆ ಹೋದಳು, ಮತ್ತೆ ತಾನೇ ಎತ್ತಿಕೊಂಡಳು. ಸ್ಟುಡಿಯೋದಲ್ಲಿ ಸಾಲು ಸಾಲಿಗೆ ನಿಲ್ಲಿಸಿ, ನೀರು ಕುಡಿಸಿ ಹಾಡಿಸಿದ್ದರು. ಇಲ್ಲಿ ಉಸಿರಿಗೆ ಜಾಗವೇ ಇರಲಿಲ್ಲ. ಕರುವಿಗೆ ಹೇಳುವಷ್ಟರಲ್ಲಿ ಕೆಮ್ಮು ಹತ್ತಿತು, ಒರಳುಕಲ್ಲಿನ ಸಾಲು ಮರೆತೇಹೋಯಿತು. ಗಂಡಿನ ಕಡೆಯ ಹುಡುಗಿಯರು ಕಿಸಕ್ಕೆಂದರು.

"ಪಾಪ, ಮಲ್ಲಿಗಮ್ಮಂಗೆ ಗಂಟ್ಲು ಕಟ್ಬುಟ್ಟದೆ," ಎಂದು ಅಂಕಮ್ಮ ಬೀಗರ ಮುಂದೆ ಮಾನ ಉಳಿಸಿಕೊಳ್ಳಲು ನೋಡಿದಳು.

ಅಷ್ಟರಲ್ಲಿ ದೀಪಿಕಳ ಕಾಲೇಜಿನ ಗೆಳತಿ ಚಂದನ, "ಅಜ್ಜಿ, ಸುಸ್ತು ಮಾಡ್ಕೋಬೇಡಿ, ನಮ್ಮತ್ರ ನಿಮ್ ಹಾಡೇ ಇದೆ!" ಎಂದು ಸೀಡಿಯ ಹಾಡನ್ನು ಸ್ಪೀಕರಿಗೆ ಹಾಕಿಬಿಟ್ಟಳು. ಒಬ್ಬಳೇ ಹೇಳಿ ಒಬ್ಬಳೇ ಎತ್ತಿಕೊಂಡ ಹಾಡು ಬೀದಿಗೆಲ್ಲ ಕೇಳಿಸಿತು. ತಂಡದ ಹುಡುಗಿಯರು ಹೋ ಎಂದು ಎದ್ದರು. ಮದುಮಗಳನ್ನೂ ಎಳೆದುಕೊಂಡರು. ಅಳಬೇಕಾದ ಹೊತ್ತಿನಲ್ಲಿ ದೀಪಿಕ ಬಾಸಿಂಗ ಹಿಡಿದುಕೊಂಡು ನಗುತ್ತ ಹೆಜ್ಜೆ ಹಾಕಿದಳು, ಕುಣಿಯುತ್ತಲೇ ಕಾರಿನವರೆಗೆ ಹೋದಳು. ಎಲ್ಲರೂ ಮೊಬೈಲ್ ಹಿಡಿದು ಹಿಂದೆ ಓಡಿದರು. ಚಾಪೆಯ ಮೇಲೆ ಇಬ್ಬರೇ ಉಳಿದರು.

ಅಂಕಮ್ಮನಿಗೆ ಅಳು ತಡೆಯಲಾಗಲಿಲ್ಲ. "ಕೂಸಿಗಾದ್ರೂ ಒಂದು ಸಾಲು ಎತ್ಕೋಬಾರ್ದಾಗಿತ್ತೇನೇ? ಅಷ್ಟೊಂದು ಗಂಟ್ಲು ಕಟ್ಟಿತ್ತೇನೇ ನಿಂಗೆ?"

ಮಲ್ಲಿಗಮ್ಮ ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು. ಮಂಡಿಯ ಮೇಲೆ ಕೈಯೂರಿ ಎದ್ದಳು.

"ನನ್ ಗಂಟ್ಲು ಸರ್ಯಾಗೇ ಅದೆ ಕಣಕ್ಕ. ನಿನ್ ಪದ ಎತ್ಕೊಳ್ಳಾಕೆ ನಂಗೆ ಮನ್ಸಿಲ್ಲ, ಅಷ್ಟೇಯ," ಎಂದು ಹೇಳಿ, ಮದುಮಗಳ ತಲೆಗೆ ಅಕ್ಷತೆ ಹಾಕಲು ಕಾರಿನ ಕಡೆಗೆ ಹೋದಳು.